ಹಳೆಯ ಗೋಡೆಗೆ ಹೊಸ ಕಿಟಕಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳೆಯ ಮನೆಗಳ ಕಿಟಕಿಗಳನ್ನು ನೀವು ಗಮನಿಸಿರಬಹುದು. ಮಣ್ಣಿನ ದಪ್ಪ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ, ಗೋಡೆಯ ನಡುವೆ ಎರಡು ಅಡಿ ಮೀರದ ಮರದ ಚೌಕಟ್ಟು, ಅದಕ್ಕೆ ನಾಲ್ಕೈದು ಕಬ್ಬಿಣದ ಸರಳು. ಕಳ್ಳರನ್ನೂ ಮಾಗಿಯ ಚಳಿಯನ್ನೂ ಬೇಸಿಗೆಯ ಝಳವನ್ನೂ ಹೊರಗಿಡಲೆಂದು ಹಿರಿಯರು ಕಿಟಕಿಯನ್ನು ಕಿರಿದಾಗಿ ಇಟ್ಟರು. ಅವುಗಳ ಜೊತೆಗೆ ಬೆಳಕೂ ಹೊರಗೆ ಉಳಿಯಿತು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆಯಿತ್ತು. ತೆರಿಗೆ ತಪ್ಪಿಸಲು ಅಲ್ಲಿಯ ಜನ ತಮ್ಮ ಕಿಟಕಿಗಳಿಗೆ ಇಟ್ಟಿಗೆ ತುಂಬಿದರು. ನಮಗೆ ಅಂಥ ತೆರಿಗೆ ಯಾವುದೂ ಇಲ್ಲ. ಆದರೂ ಇರುವ ಒಂದೇ ಕಿಟಕಿಗೆ ಬೀರುವನ್ನು ಅಡ್ಡ ನಿಲ್ಲಿಸಿದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ!

ಮನೆ ಮಂತ್ರಿಸಲು ಹೋಗುವ ಗುರುವಿಗೆ ಒಳಕೋಣೆಗಳೂ ಕಾಣುತ್ತವೆ. ಮಾಲೂರಿನ ಕಡೆಯ ಒಂದು ಮನೆಯ ಮಗ ಪ್ರತಿದಿನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಬಹುಮಹಡಿ ಕಟ್ಟಡಗಳಿಗೆ ಕಿಟಕಿ ಕೂರಿಸುವ ಕೆಲಸ ಮಾಡುತ್ತಾನೆ. ಅವನ ಸ್ವಂತ ಮನೆಯ ಒಳಕೋಣೆಯ ಕಿಟಕಿಗೆ ಗೆದ್ದಲು ಹತ್ತಿ, ಕೆಳಪಟ್ಟಿ ಪುಡಿಯಾಗಿ, ಗೋಣಿಚೀಲ ಹೊಡೆದಿತ್ತು. ಆ ಕೋಣೆಯಲ್ಲಿ ಕ್ಷಯರೋಗಕ್ಕೆ ಚಿಕಿತ್ಸೆ ಆರಂಭಿಸಿದ್ದ ಅವನ ತಾಯಿ ಮಲಗಿದ್ದರು. ಇಬ್ಬರು ಮೊಮ್ಮಕ್ಕಳು ಅಲ್ಲಿಯೇ ಆಡಿಕೊಂಡಿದ್ದರು. ಕ್ಷಯ ಹರಡುವುದು ಗಾಳಿಯ ಮೂಲಕ. ಮುಚ್ಚಿದ ಕೋಣೆಯಲ್ಲಿ ಅದರ ರೋಗಾಣುಗಳು ಗಂಟೆಗಟ್ಟಲೆ ತೇಲುತ್ತಿರಬಲ್ಲವು. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎತ್ತರದ ಮಾಳಿಗೆ ಮತ್ತು ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳಲ್ಲಿ ಕಿಟಕಿ ತೆರೆದಿಡುವುದು ಯಂತ್ರದಿಂದ ಗಾಳಿಯಾಡಿಸುವುದಕ್ಕಿಂತ ಹೆಚ್ಚು ರಕ್ಷಣೆ ನೀಡುತ್ತದೆಂದು ತೋರಿಸಿತು. ಇದನ್ನು ಅವನಿಗೆ ವಿವರಿಸಿದೆ. "ಭಾನುವಾರ ಒಂದೇ ಬಿಡುವು, ಸ್ವಾಮಿ" ಎಂದವನು, ಮುಂದಿನ ಭಾನುವಾರ ಪೂಜೆ ಮುಗಿದೊಡನೆ ಹಾರೆ ಹಿಡಿದು ನಿಂತಿದ್ದ.

ಅವನನ್ನು ತಡೆದವರು ನೆರೆಮನೆಯ ವೃದ್ಧ ಗಾರೆ ಕೆಲಸಗಾರರು. ಕಾಂಕ್ರೀಟಿನ ಕಟ್ಟಡದಲ್ಲಿ ಕಿಟಕಿಯೆಂಬುದು ತೆರವಿನೊಳಗೆ ಕೂರಿಸಿದ ವಸ್ತು. ಕಿತ್ತರೆ ತೆರವು ಉಳಿಯುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಕಿಟಕಿಯ ಮೇಲೆ ಪ್ರತ್ಯೇಕ ತೊಲೆಯೇ ಇರುವುದಿಲ್ಲ. ಚೌಕಟ್ಟೇ ಮೇಲಿನ ಗೋಡೆಯನ್ನೂ, ಗೋಡೆಯ ಮೂಲಕ ಚಪ್ಪಡಿಯನ್ನೂ ಹೊತ್ತಿರುತ್ತದೆ. ಗೆದ್ದಲು ತಿಂದ ಮರವೆಂದು ಅದನ್ನು ಹಗುರವಾಗಿ ಎಣಿಸಿ ಎಳೆದರೆ ಮೇಲಿನ ಮಣ್ಣು ಜರಿದು ಕಲ್ಲು ಕೆಳಗಿಳಿಯಬಹುದು. ಆದುದರಿಂದ ನೀವು ಈ ಕೆಲಸಕ್ಕೆ ಕೈಹಾಕುವ ಮೊದಲು ಕಿಟಕಿಯ ಮೇಲ್ಭಾಗದ ಗಾರೆಯನ್ನು ಸ್ವಲ್ಪ ಕೆರೆದು ನೋಡಿ. ಅಲ್ಲಿ ಅಡ್ಡಗಲ್ಲು ಕಾಣದಿದ್ದರೆ, ಒಳಗಿನಿಂದ ಚಪ್ಪಡಿಗೆ ಊರೆಗಳನ್ನು ಕೊಟ್ಟ ನಂತರವೇ ಚೌಕಟ್ಟನ್ನು ಮುಟ್ಟಬೇಕು. ಗೋಡೆಯೇ ಬಿರುಕು ಬಿಟ್ಟಿದ್ದರೆ ನೀವಾಗಿ ಮುಟ್ಟಲೇಬೇಡಿ, ಅನುಭವಸ್ಥರನ್ನು ಕರೆಯಿರಿ. ಊರೆಗೆ ನಮ್ಮ ನೀಲಗಿರಿ ಗಳಗಳು ಉತ್ತಮ. ಚೌಕಟ್ಟಿಗೆ ಹಸಿ ನೀಲಗಿರಿ ಬೇಡ, ಒಣಗುತ್ತಾ ತಿರುಚಿಕೊಳ್ಳುತ್ತದೆ. (2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯ ತೋಪುಗಳು ಇನ್ನೂ ಕಣ್ಣಿಗೆ ಬೀಳುತ್ತವೆ.) ಶ್ರೀನಿವಾಸಪುರದವರಿಗೆ ಮಾವಿನ ಹಲಗೆ ಸುಲಭವಾಗಿ ಸಿಕ್ಕೀತು, ಆದರೆ ಅದಕ್ಕೆ ಬೇಗ ಹುಳು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಬೇವು ಅಥವಾ ಹಲಸು ಮೇಲು.

ಕೋಣೆಗೆ ಹೆಚ್ಚು ಬೆಳಕು ಬೇಕಿತ್ತು, ಆದರೆ ಅಗಲ ಹೆಚ್ಚಿಸಿದರೆ ಭಾರವೂ ಹೆಚ್ಚು. ಹಿರಿಯರು ಸುಲಭದ ದಾರಿ ತೋರಿಸಿದರು: ಅಗಲವನ್ನು ಮುಟ್ಟದೆ ಕಿಟಕಿಯನ್ನು ಕೆಳಕ್ಕೆ ಒಂದೂವರೆ ಅಡಿ ಇಳಿಸುವುದು. ಕಿಟಕಿಯ ಕೆಳಗಿನ ಗೋಡೆ ಹೊರುವುದು ಏನನ್ನೂ ಅಲ್ಲ. ಮೇಲೆ ಕಲ್ಲಿನ ಪಟ್ಟಿಯೊಂದನ್ನು ಎರಡೂ ಕಡೆ ಒಂಬತ್ತು ಅಂಗುಲ ಗೋಡೆಯೊಳಕ್ಕೆ ಸೇರಿಸಿದರು. ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಸಿಕ್ಕ ಅಳತೆಗಳಲ್ಲಿ ಚಿಕ್ಕದಕ್ಕಿಂತ ಅರ್ಧ ಅಂಗುಲ ಕಡಿಮೆಯಿಟ್ಟು ಚೌಕಟ್ಟು ಮಾಡಿದರು. ಮೂಲೆಯಿಂದ ಮೂಲೆಗೆ ಎಳೆದ ದಾರ ಎರಡೂ ಕಡೆ ಒಂದೇ ಉದ್ದ ಬರುವವರೆಗೆ ಆಣಿ ಹೊಡೆಯಲು ಬಿಡಲಿಲ್ಲ. ಸಂದಿಗೆ ಬರಿಯ ಸಿಮೆಂಟು ಮಣ್ಣಿನ ಗೋಡೆಗೆ ಅಂಟುವುದಿಲ್ಲವೆಂದು ಸುಣ್ಣ ಬೆರೆಸಿದ ಮಣ್ಣನ್ನೇ ತುಂಬಿದರು. ಕೆಳಪಟ್ಟಿಗೆ ಹೊರಗಡೆ ಇಳಿಜಾರು ಕೊಟ್ಟರು. ನಮ್ಮದು ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆಯ ಸೀಮೆಯಾದರೂ ಮರ ಕೊಳೆಯಲು ನಿಂತ ನೀರು ಒಂದು ಹಿಡಿ ಸಾಕು.

ಹಳೆಯ ಬಾಗಿಲುಗಳ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಮನೆಬಣ್ಣಗಳಲ್ಲಿ ಸೀಸದ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷ. ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರವಿಡಿ.

ಎರಡು ಭಾನುವಾರಗಳಲ್ಲಿ ಕೆಲಸ ಮುಗಿಯಿತು. ಆ ತಾಯಿ ಆರು ತಿಂಗಳ ಚಿಕಿತ್ಸೆ ಪೂರೈಸಿ ಗುಣವಾದರು. ಗುಣಪಡಿಸಿದ್ದು ಮಾತ್ರೆಗಳು, ಕಿಟಕಿಯಲ್ಲ. ಕಿಟಕಿ ಕೆಳಗಿಳಿದುದರಿಂದ ಮಲಗಿದ್ದಲ್ಲಿಂದಲೇ ಹಿತ್ತಲಿನ ನುಗ್ಗೆಮರವೂ ಬೀದಿಯೂ ಅವರಿಗೆ ಕಾಣುತ್ತಿದ್ದವು. ಮರುವರ್ಷ ಹೋದಾಗ ಅವರು ನನ್ನಲ್ಲಿ ದೂರು ಹೇಳಿದರು: "ಕತ್ತಲಿದ್ದಾಗಲೇ ಚೆನ್ನಾಗಿತ್ತು, ಸ್ವಾಮಿ. ಈಗ ಮಾಳಿಗೆಯ ಮಸಿಯೆಲ್ಲ ಕಾಣುತ್ತದೆ. ಸುಣ್ಣ ಹೊಡೆಯುವವರು ಯಾರು?"