ನಾಲಿಗೆಯ ಕೆಳಗಿನ ಕಲ್ಲು

ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ವೆಲ್ಡರ್. ಮೊದಲ ಸಲ ನೋವು ಬಂದದ್ದು ಕ್ಯಾಂಟೀನಿನಲ್ಲಿ, ಪುಂಡಿಪಲ್ಯದ ಡಬ್ಬಿ ತೆರೆದಾಗ. ತುತ್ತು ಇನ್ನೂ ಬಾಯಿಗೆ ಇಟ್ಟಿರಲಿಲ್ಲ. ಹುಳಿಯ ವಾಸನೆಗೆ ಬಾಯಲ್ಲಿ ನೀರೂರಿತು, ಅಷ್ಟೇ. ಎಡದವಡೆಯ ಕೆಳಗೆ ಹಿಂಡಿದಂತಾಗಿ ಲಿಂಬೆಕಾಯಿಯಷ್ಟು ಬಾವು ಎದ್ದಿತು. ತಾಸೆರಡು ತಾಸಿಗೆ ತಾನೇ ಇಳಿಯಿತು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಬಂತು.

ಮಂಗನಬಾವು ಎಂದರು ಕೆಲವರು. ಹುಳುಕುಹಲ್ಲಿನದೇ ಇದು ಎಂದು ಒಂದು ಕಡೆ ಹಲ್ಲು ಕಿತ್ತರು. ನಾಲ್ಕು ತಿಂಗಳು ಗುಳಿಗೆ ನುಂಗಿದೆ. ಹೊಟ್ಟೆ ಹಸಿಯುತ್ತಿತ್ತು, ಊಟವೆಂದರೆ ಹೆದರಿಕೆ. ಮನೆಯಲ್ಲಿ ಒಗ್ಗರಣೆ ಸಿಡಿದರೂ ಕೈ ದವಡೆಗೆ ಹೋಗುತ್ತಿತ್ತು. “ಒಂದ್ ರೊಟ್ಟಿನೂ ಪೂರಾ ತಿನ್ನವಲ್ರಿ, ಹಿಂಗಾದ್ರ ಹೆಂಗ್ರಿ?” ಎಂದು ಹೆಂಡತಿ ಹಾಲುಅನ್ನ ಕಲಸಿಕೊಟ್ಟು ಎದುರಿಗೇ ಕೂರುತ್ತಿದ್ದಳು.

ಕೊನೆಗೆ ಧಾರವಾಡದ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ಒಂದು ಬೆರಳು ನಾಲಿಗೆಯ ಕೆಳಗೆ, ಇನ್ನೊಂದು ಕೈ ಗದ್ದದ ಕೆಳಗೆ ಇಟ್ಟು ಮೆಲ್ಲಗೆ ಒತ್ತಿದರು. “ಜೊಲ್ಲಿನ ನಾಳದಾಗ ಕಲ್ಲೈತಿ ನೋಡ್ರಿ,” ಎಂದರು. ಕಿಡ್ನಿಯ ಕಲ್ಲು ಗೊತ್ತಿತ್ತು, ಬಾಯಿಯದು ಕೇಳಿರಲಿಲ್ಲ. ಇಂಥ ಕಲ್ಲುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ದವಡೆಯ ಕೆಳಗಿನ ಗ್ರಂಥಿಯಲ್ಲೇ ಆಗುತ್ತವಂತೆ. ಅಲ್ಲಿನ ಜೊಲ್ಲು ಮಂದ, ಸುಮಾರು 5 ಸೆಂಟಿಮೀಟರ್ ನಾಳದಲ್ಲಿ ಮೇಲಕ್ಕೆ ಹತ್ತಬೇಕು. ನೀರು ಕಡಿಮೆಯಾದರೆ ಇನ್ನೂ ಗಟ್ಟಿ. ಬೆಂಕಿಯ ಕಿಡಿಯ ಮುಂದೆ ಇಡೀ ಪಾಳಿಯನ್ನು ಒಂದೇ ಬಾಟಲಿ ನೀರಿನಲ್ಲಿ ಕಳೆಯುತ್ತಿದ್ದವನು ನಾನು. ಕುತ್ತಿಗೆ ಕೊಯ್ದು ಗ್ರಂಥಿಯನ್ನೇ ತೆಗೆಯುವ ಪದ್ಧತಿಯೂ ಇದೆ. ಆದರೆ ತುಟಿ ಆಡಿಸುವ ನರ ಅಲ್ಲೇ ಪಕ್ಕದಲ್ಲಿ ಹಾಯುತ್ತದೆ, ಅದಕ್ಕೆ ಪೆಟ್ಟಾಗುವ ಭಯ. “ನಿಮ್ದು ಸಣ್ಣದೈತಿ, ಕೊಯ್ಯೂದು ಬ್ಯಾಡ,” ಎಂದು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ವೈದ್ಯೆಯೊಬ್ಬರು ನಾಲಿಗೆಯ ಕೆಳಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ನಾಳದ ಬಾಯಿ ಸಾಸಿವೆಗಿಂತ ಸಣ್ಣದು. ಅದನ್ನು ತೆಳ್ಳನೆಯ ಕಡ್ಡಿಗಳಿಂದ ಒಂದೊಂದಾಗಿ ಹಿಗ್ಗಿಸಿ, ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ಎಂಡೋಸ್ಕೋಪ್ ತೂರಿಸಿದರು. ಸಲೈನ್ ಬಿಡುವಾಗ ದವಡೆ ಬಿರಿಯುತ್ತದೆ ಅನ್ನಿಸಿತು. ಪರದೆಯ ಮೇಲೆ ಕೆಂಪು ಸುರಂಗ, ಅದರ ಕೊನೆಗೆ ಹಳದಿ ಕಲ್ಲು. ಕಲ್ಲನ್ನು ಹಿಡಿಯಲು ಬಿಟ್ಟ ತಂತಿಯ ಪುಟ್ಟ ಬುಟ್ಟಿ ಅದರ ಮೇಲಿಂದ ಜಾರಿ ಜಾರಿ ಬರುತ್ತಿತ್ತು. ನಾನೂ ಕೈಕೆಲಸದವನು. ಆ ವೈದ್ಯೆಯ ಬೆರಳು ಒಮ್ಮೆಯೂ ನಡುಗಲಿಲ್ಲ, ಅದನ್ನೇ ನೋಡುತ್ತ ಧೈರ್ಯ ಹಿಡಿದೆ.

ಕೊನೆಗೂ ಹೊರಗೆ ಬಂದ ಕಲ್ಲು ಜೋಳದ ನುಚ್ಚಿನಷ್ಟು, 3 ಮಿಲಿಮೀಟರ್. ದೊಡ್ಡದಿದ್ದರೆ ಲೇಸರಿನಿಂದ ಒಡೆಯಬೇಕಿತ್ತು, ಇಲ್ಲವೇ ಬಾಯೊಳಗೆ ಕೊಯ್ಯಬೇಕಿತ್ತು. ಬಾವು ಎರಡು ದಿನ ಇತ್ತು. ನಿಂಬೆಹೋಳು ಚೀಪುತ್ತ, ದವಡೆಯನ್ನು ಹಿಂದಿನಿಂದ ಮುಂದಕ್ಕೆ ನೀವುತ್ತ ಕಳೆದೆ.

ಕೆಲಸಕ್ಕೆ ಮರಳಿದ ದಿನ ಡಬ್ಬಿಯಲ್ಲಿ ಪುಂಡಿಪಲ್ಯವೇ ಇತ್ತು. ಮುಚ್ಚಳ ತೆಗೆದೆ, ಬಾಯಿ ತುಂಬ ನೀರೂರಿತು. ಎಡಗೈ ದವಡೆಯ ಮೇಲೇ ಇತ್ತು. ಬಾವು ಏಳಲಿಲ್ಲ. ರೊಟ್ಟಿ ಮುರಿದೆ.