ರೊಕ್ಕ ಮುಳುಗದ ಗಾಡಿ: ಸ್ಟುಟ್‌ಗಾರ್ಟಿನಲ್ಲಿ ಮೂರು ಶನಿವಾರ

ಸ್ಟುಟ್‌ಗಾರ್ಟ್ ಬಟ್ಟಲಿನಂಥ ಊರು. ಸುತ್ತಲೂ ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ನಡುವೆ ಊರು. ನಗರದ ಒಳಗೇ ದ್ರಾಕ್ಷಿ ಬೆಳೆಯುವುದನ್ನು ನಾನು ನೋಡಿದ್ದು ಇಲ್ಲೇ ಮೊದಲು. ಮುಂಬೈ ಓದುಗರಿಗೆ ಒಂದು ಮಾತು: 1968ರಿಂದ ಇದು ನಿಮ್ಮೂರಿನ ಸೋದರ ನಗರ. ಬೆಂಗಳೂರಿನವರಿಗೂ ಒಂದು ನಂಟಿದೆ. ಆಡುಗೋಡಿಯ ಮೈಕೋ ಕಾರ್ಖಾನೆಯ ಹಿಂದಿದ್ದ ಬಾಷ್ ಕಂಪನಿಯ ತವರು ಇದೇ ಊರು. 1951ರಲ್ಲಿ ಶುರುವಾದ ಮೈಕೋದಲ್ಲಿ ದುಡಿದು ನಿವೃತ್ತರಾದ ಹಿರಿಯರ ಬಾಯಲ್ಲಿ ನಾನು ಚಿಕ್ಕಂದಿನಲ್ಲೇ ಸ್ಟುಟ್‌ಗಾರ್ಟ್ ಎಂಬ ಹೆಸರು ಕೇಳಿದ್ದೆ.

ನಾನು ಹೋಗಿದ್ದು ಪುಣೆಯ ಕಚೇರಿಯ ಕೆಲಸದ ಮೇಲೆ, ಮೂರು ವಾರದ ತರಬೇತಿಗೆ. ಹೊರಡುವ ಹಿಂದಿನ ದಿನ ಪಿಂಪ್ರಿಯಲ್ಲಿರುವ ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರು ಫೋನ್ ಮಾಡಿದರು. "ಅಲ್ರೀ, ಕಾರಿನ ಊರಿಗೇ ಹೊಂಟೀರಿ. ಯಾವ ಸ್ಪೋರ್ಟ್ಸ್ ಕಾರು ತೊಗೊಂಡ್ರ ರೊಕ್ಕ ಮುಳುಗೂದಿಲ್ಲ, ಕೇಳ್ಕೊಂಡು ಬರ್ರಿ." ನಾನು ನಕ್ಕೆ. ಅವರು ನಗಲಿಲ್ಲ. ಅಪ್ಪ ಬಿಟ್ಟುಹೋದ ನವನಗರದ ಸೈಟಿಗೆ ಗಿರಾಕಿ ಬಂದಿದ್ದಾರೆ, ಪುಣೆಯಲ್ಲಿ ಹನ್ನೆರಡು ವರ್ಷ ಹಳೆಯ ಪೋರ್ಷೆ ಬಾಕ್ಸ್‌ಟರ್ ಒಂದು ಮಾರಾಟಕ್ಕಿದೆ. "ಹೆಂಗೂ ಸೈಟೂ ಆಸ್ತಿ, ಅದೂ ಆಸ್ತಿ" ಎಂಬುದು ಅವರ ಲೆಕ್ಕ. ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಹಾಗಾಗಿ ಮೊದಲ ಶನಿವಾರ ಮುಖ್ಯ ನಿಲ್ದಾಣದಲ್ಲಿ ಎಸ್6 ಲೋಕಲ್ ಹತ್ತಿ ನೊಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದೆ. ಹತ್ತು ಹನ್ನೆರಡು ನಿಮಿಷದ ದಾರಿ. ಇಳಿದರೆ ಎದುರಿಗೇ ಪೋರ್ಷೆ ಚೌಕ. ಇಪ್ಪತ್ತನಾಲ್ಕು ಮೀಟರ್ ಎತ್ತರದ ಮೂರು ಬಿಳಿ ಕಂಬಗಳ ತುದಿಯಲ್ಲಿ ಮೂರು ಕಾರುಗಳು ಆಕಾಶಕ್ಕೆ ಮೂತಿ ಮಾಡಿ ನಿಂತಿವೆ. ಒಂದು ಬದಿಗೆ ಕಾರ್ಖಾನೆ, ಇನ್ನೊಂದು ಬದಿಗೆ 2009ರಲ್ಲಿ ತೆರೆದ ಮ್ಯೂಸಿಯಂ. ಮೂರೇ ಆಧಾರಗಳ ಮೇಲೆ ಎತ್ತಿ ನಿಲ್ಲಿಸಿದ ದೊಡ್ಡ ಬಿಳಿ ಪೆಟ್ಟಿಗೆಯ ಹಾಗಿದೆ.

ಒಳಗೆ ಹೋದೊಡನೆ ಎಲ್ಲರೂ ಎಸ್ಕಲೇಟರ್ ಹತ್ತುತ್ತಾರೆ. ಹತ್ತುವ ಮುಂಚೆ ಕೆಳಗಿನ ಗಾಜಿನ ಗೋಡೆಯ ಬಳಿ ಐದು ನಿಮಿಷ ನಿಲ್ಲಿ. ಆಚೆ ಇರುವುದು ಮ್ಯೂಸಿಯಂನದೇ ವರ್ಕ್‌ಶಾಪ್. ಮೇಲೆ ಇಟ್ಟ ಕಾರುಗಳಲ್ಲಿ ಬಹಳಷ್ಟು ಇಂದಿಗೂ ರ‍್ಯಾಲಿಗೆ ಹೋಗಿಬರುತ್ತವೆ, ಬಂದಮೇಲೆ ಇಲ್ಲಿ ರಿಪೇರಿಯಾಗುತ್ತವೆ. ನನ್ನ ಗೆಳೆಯರ ಪ್ರಶ್ನೆಗೆ ಅರ್ಧ ಉತ್ತರ ಆ ಗಾಜಿನಾಚೆಯೇ ಇತ್ತು ಎಂದು ಈಗ ಅನ್ನಿಸುತ್ತದೆ.

ಮೇಲೆ ಎಲ್ಲರೂ ಮುತ್ತಿಕೊಳ್ಳುವ ಕಾರು 1973ರ 911 ಕರೇರಾ ಆರ್‌ಎಸ್ 2.7. ಹಿಂದೆ ಬಾತುಕೋಳಿಯ ಬಾಲದಂತೆ ಎದ್ದು ನಿಂತ ರೆಕ್ಕೆ. ರೇಸಿಗೆ ಅನುಮತಿ ಸಿಗಬೇಕಾದರೆ 500 ಕಾರು ಮಾಡಬೇಕಿತ್ತು. ಅಷ್ಟು ಮಾರಾಟವಾಗುತ್ತದೋ ಇಲ್ಲವೋ ಎಂದು ಮಾರಾಟದವರಿಗೇ ಅನುಮಾನ. ಕೊನೆಗೆ 1,580 ಕಾರು ಹೋದವು. ಇಂದು ಅದು ಸಂಗ್ರಾಹಕರ ಕನಸು. ಅಂದರೆ ಅದನ್ನು ಮಾಡಿದವರೂ ಮುಂದೆ ಇಷ್ಟು ಬೆಲೆ ಬರುತ್ತದೆಂದು ಮಾಡಿದ್ದಲ್ಲ. ಬೆಲೆ ಉಳಿಸಿಕೊಳ್ಳಲೆಂದೇ 'ಸೀಮಿತ ಆವೃತ್ತಿ' ಎಂದು ಹಣೆಪಟ್ಟಿ ಹಚ್ಚಿ ಬರುವ ಈಗಿನ ಕಾರುಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಇದು ರೇಸಿಗೆಂದು ಹುಟ್ಟಿದ್ದು, ಸಂಖ್ಯೆ ಕಡಿಮೆಯಾಗಿದ್ದು ಆಮೇಲಿನ ಮಾತು.

ಇನ್ನೊಂದು ಕತೆ ಇದಕ್ಕಿಂತ ರುಚಿ. 911 ಮೊದಲು 901 ಆಗಿತ್ತು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಆ ಹೆಸರಿನಲ್ಲೇ ತೋರಿಸಿದ್ದರು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತಮ್ಮದು ಎಂದು ಫ್ರಾನ್ಸಿನ ಪೆಜೋ ಕಂಪನಿ ತಕರಾರು ತೆಗೆಯಿತು, ಹೆಸರು ಬದಲಾಯಿತು. ಅಷ್ಟರಲ್ಲಿ ಹಳೆಯ ಹೆಸರಿನ 82 ಕಾರುಗಳು ತಯಾರಾಗಿದ್ದವು. ವಿಚಿತ್ರವೆಂದರೆ ಅವುಗಳಲ್ಲಿ ಒಂದೂ ಮ್ಯೂಸಿಯಂ ಬಳಿ ಇರಲಿಲ್ಲ. 2014ರಲ್ಲಿ ಟಿವಿ ಕಾರ್ಯಕ್ರಮವೊಂದರ ತಂಡ ಒಂದು ಹಳೆಯ ಕೊಟ್ಟಿಗೆಯಲ್ಲಿ ಎರಡು ಕಾರು ಕಂಡಿತು. ಮ್ಯೂಸಿಯಂನವರು ಹೋಗಿ ಚಾಸಿ ನಂಬರು ಒರೆಸಿ ನೋಡಿದರೆ ಒಂದು 57ನೆಯ 901. ತುಕ್ಕು ಹಿಡಿದು, ಮುಂದಿನ ಮಡ್‌ಗಾರ್ಡ್‌ಗಳೇ ಇಲ್ಲದೆ, ಒಳಗೆ ಸೀಟು ಚಿಂದಿಯಾಗಿ ಕೂತಿತ್ತು. ಸ್ವತಂತ್ರ ಮೌಲ್ಯಮಾಪಕರು ಬೆಲೆ ಕಟ್ಟಿದರು: 1,07,000 ಯೂರೋ. ಪಕ್ಕದಲ್ಲೇ ನಿಂತಿದ್ದ 1968ರ 911ಕ್ಕೆ 14,500 ಯೂರೋ. ಎರಡೂ ಕೊಳೆತ ಕಾರುಗಳೇ, ಒಂದೇ ಕೊಟ್ಟಿಗೆ, ಒಬ್ಬನೇ ಮಾಲೀಕ. ವ್ಯತ್ಯಾಸ ಇದ್ದದ್ದು ತಗಡಿನ ಮೇಲೆ ಕೊರೆದ ನಂಬರಿನಲ್ಲಿ. ಅದೇ ಕಾಲದ ಬೇರೆ ಕಾರಿನಿಂದ ಭಾಗ ತಂದು ಜೋಡಿಸಿ, ಮೂರು ವರ್ಷ ದುಡಿದು, 2017ರ ಡಿಸೆಂಬರಿನಲ್ಲಿ ಅದನ್ನು ಕೆಂಪಗೆ ಹೊಳೆಯುವಂತೆ ಪ್ರದರ್ಶನಕ್ಕಿಟ್ಟರು.

ಒಂದು ಮೂಲೆಯಲ್ಲಿ 928 ಇದೆ. ಮುಂದೆ ವಿ8 ಎಂಜಿನ್, ಮೈಯೆಲ್ಲ ಉರುಟು. 1978ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಬಿರುದು ಪಡೆಯಿತು. 911ರ ಜಾಗಕ್ಕೆ ಇದೇ ಎಂದು ಕಂಪನಿ ತೀರ್ಮಾನಿಸಿತ್ತು. 1981ರಲ್ಲಿ ಹೊಸ ಮುಖ್ಯಸ್ಥ ಪೀಟರ್ ಶುಟ್ಸ್ ಬಂದಾಗ ಎಂಜಿನಿಯರ್ ಹೆಲ್ಮುಟ್ ಬಾಟ್ ಅವರ ಕೋಣೆಯ ಗೋಡೆಯಲ್ಲೊಂದು ನಕ್ಷೆ ಇತ್ತಂತೆ. ಉಳಿದ ಕಾರುಗಳ ಗೆರೆ ಮುಂದೆ ಸಾಗಿದೆ, 911ರ ಗೆರೆ ಆ ವರ್ಷದ ಕೊನೆಗೆ ನಿಂತಿದೆ. ಶುಟ್ಸ್ ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ಕಾಗದ ದಾಟಿಸಿ, ಗೋಡೆಯ ಮೇಲೆ ಎಳೆದು, ಬಾಗಿಲಾಚೆಗೂ ಒಯ್ದ. 928 1995ರಲ್ಲಿ ನಿಂತಿತು. ಹತ್ತು ಲಕ್ಷದನೆಯ 911 2017ರಲ್ಲಿ ಹೊರಬಂತು, ಹಸಿರು ಬಣ್ಣದ್ದು. ಹಳೆಯ 911 ಬೆಲೆ ಕಳೆದುಕೊಳ್ಳದಿರಲು ಈ ಗೆರೆ ದೊಡ್ಡ ಕಾರಣ. ಆಕಾರ ಬದಲಾಗದ ಕಾರಣ ಹಳೆಯದು ಹಳತಾಗಿ ಕಾಣುವುದಿಲ್ಲ, ಕಾರ್ಖಾನೆ ನಡೆಯುತ್ತಿರುವ ಕಾರಣ ಹಳೆಯದರ ಬಿಡಿಭಾಗವೂ ಸಿಗುತ್ತದೆ. ತಾವು ಮಾಡಿದ ಕಾರುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಇನ್ನೂ ಓಡುತ್ತಿವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ.

ಹಾಗೆಂದು 911 ಎಂಬ ಹೆಸರಿದ್ದರೆ ಸಾಕು ಎಂದಲ್ಲ. 1998ರಲ್ಲಿ ಗಾಳಿಯಿಂದ ತಣ್ಣಗಾಗುವ ಎಂಜಿನ್ ನಿಂತುಹೋಯಿತು. ಆ ಕೊನೆಯ ಸರಣಿ 993ಕ್ಕೆ ಈಗ ಮುಟ್ಟಲಾಗದ ಬೆಲೆ. ಅದರ ಮುಂದಿನ ಸರಣಿ 996 ನೀರಿನಿಂದ ತಣ್ಣಗಾಗುವಂಥದ್ದು. ಅದರ ಹೆಡ್‌ಲೈಟನ್ನು ಜರ್ಮನರು ಎಣ್ಣೆಯಲ್ಲಿ ಕರಿದ ಮೊಟ್ಟೆ ಎಂದು ಹೀಯಾಳಿಸಿದರು. ಎಂಜಿನಿನೊಳಗಿನ ಒಂದು ಬೇರಿಂಗ್ ಕೆಟ್ಟರೆ ಇಡೀ ಎಂಜಿನ್ನೇ ಹೋಗುವ ಭಯವೂ ಸೇರಿಕೊಂಡಿತು. ಬಹುಕಾಲ ಎಲ್ಲಕ್ಕಿಂತ ಅಗ್ಗದ 911 ಎಂದರೆ ಅದೇ. ಅದರಲ್ಲೂ ಕೈಗೇರಿನದಕ್ಕೆ ಒಂದು ಬೆಲೆ, ಆಟೊಮ್ಯಾಟಿಕ್‌ಗೆ ಅದಕ್ಕಿಂತ ಕಡಿಮೆ. ನಾಲ್ಕು ಬಾಗಿಲಿನ ದೊಡ್ಡ ಪೋರ್ಷೆಗಳಂತೂ ಉಳಿದ ದುಬಾರಿ ಸೆಡಾನ್‌ಗಳ ಹಾಗೆಯೇ ಜಾರುತ್ತವೆ.

ಎರಡನೆಯ ಶನಿವಾರ ಮರ್ಸಿಡಿಸ್ ಮ್ಯೂಸಿಯಂ. ಅದನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ, ನಾನು ಒಂದೇ ಮಾತು ಹೇಳುತ್ತೇನೆ. 1955ರಲ್ಲಿ ಎರಡೇ ಎರಡು ಮಾಡಿದ 300 ಎಸ್‌ಎಲ್‌ಆರ್ ಕೂಪೆಯಲ್ಲಿ ಒಂದನ್ನು 2022ರ ಮೇ ತಿಂಗಳಲ್ಲಿ ಇದೇ ಕಟ್ಟಡದಲ್ಲಿ ಹರಾಜು ಹಾಕಿದರು. 13.5 ಕೋಟಿ ಯೂರೋ ಬಂತು, ಹರಾಜಿನಲ್ಲಿ ಅಷ್ಟಕ್ಕೆ ಹೋದ ಬೇರೆ ಕಾರು ಅಲ್ಲಿಯವರೆಗೆ ಇರಲಿಲ್ಲ. ನಮ್ಮ ಗೆಳೆಯರಂಥವರಿಗೆ ಇಂಥ ಸುದ್ದಿಯೇ ಅಪಾಯ. ಈ ಕಾರಿಗೂ ಅಂಗಡಿಯಲ್ಲಿ ನಿಂತ ಬಾಕ್ಸ್‌ಟರ್‌ಗೂ ಇರುವ ಸಂಬಂಧ ಕೊಹಿನೂರಿಗೂ ನಮ್ಮ ಮನೆಯ ಮೂಗುಬೊಟ್ಟಿಗೂ ಇರುವಷ್ಟೇ.

ನನಗೆ ಹೆಚ್ಚು ಕಲಿಸಿದ್ದು ನಾನು ಉಳಿದಿದ್ದ ಮನೆಯ ಮೆಟ್ಟಿಲು. ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದ್ದರು. ಆ ಬೋರ್ಡು ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸುವ ಸರದಿ ಅವರದು. ಕೇರ್‌ವೊಹೆ ಎನ್ನುತ್ತಾರೆ, ಗುಡಿಸುವ ವಾರ. ಈ ಶ್ವಾಬಿಯಾ ಸೀಮೆಯ ಜನ ಜಿಪುಣರೆಂದು ಉಳಿದ ಜರ್ಮನರು ನಗುತ್ತಾರೆ. ಜಿಪುಣತನವೋ ಏನೋ, ಕೊಂಡದ್ದನ್ನು ಕೆಡಲು ಬಿಡುವುದಿಲ್ಲ. ನೆಲಮಹಡಿಯ ಅಜ್ಜನ ಬಳಿ ಹಳೆಯ ಮರ್ಸಿಡಿಸ್ ಇತ್ತು. ನಂಬರ್ ಪ್ಲೇಟಿನ ಕೊನೆಗೆ ಎಚ್ ಎಂಬ ಅಕ್ಷರ. ಮೂವತ್ತು ವರ್ಷ ದಾಟಿ, ಮೂಲ ರೂಪದಲ್ಲಿದ್ದು, ಪರಿಣಿತರು ನೋಡಿ ಒಪ್ಪಿದರೆ ಈ ಅಕ್ಷರ ಸಿಗುತ್ತದೆ. ಎಂಜಿನ್ ಎಷ್ಟು ದೊಡ್ಡದಿರಲಿ, ವರ್ಷಕ್ಕೆ 191.73 ಯೂರೋ ತೆರಿಗೆ. ಹೊಗೆಯ ನಿರ್ಬಂಧವಿರುವ ನಗರದ ವಲಯದೊಳಗೂ ಓಡಿಸಬಹುದು.

ಇದನ್ನು ಓದುವಾಗ ದೆಹಲಿಯ ಕನ್ನಡಿಗರಿಗೆ ಹೊಟ್ಟೆ ಉರಿಯಬಹುದು. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು, ಹತ್ತು ದಾಟಿದ ಡೀಸೆಲ್ ಕಾರು ಇಟ್ಟುಕೊಂಡವರು ಅಲ್ಲಿ 2018ರಿಂದೀಚೆಗೆ ನೆಮ್ಮದಿಯಿಂದಿಲ್ಲ. ನಮ್ಮ ದೇಶದಲ್ಲಿ ವಿಂಟೇಜ್ ಎನ್ನಿಸಿಕೊಳ್ಳಲು 2021ರ ನಿಯಮದ ಪ್ರಕಾರ ಐವತ್ತು ವರ್ಷ ಆಗಬೇಕು, ಆದಮೇಲೂ ದಿನನಿತ್ಯ ಓಡಿಸುವಂತಿಲ್ಲ. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಕಾಲದಲ್ಲಿ ನಮ್ಮ ಕಾರು ಬರೀ ಹಳೆಯ ಕಾರು. ಬೆಲೆ ಕುಸಿಯುವುದೂ ಅಲ್ಲೇ.

ಮೂರನೆಯ ಶನಿವಾರ ಬೋಬ್ಲಿಂಗನ್‌ಗೆ ಹೋದೆ. ಅಲ್ಲಿನ ಹಳೆಯ ವಿಮಾನ ನಿಲ್ದಾಣದಲ್ಲಿ ಈಗ ಮೋಟರ್‌ವರ್ಲ್ಡ್ ಇದೆ. ಒಳಗೆ ಹೋಗಲು ದುಡ್ಡಿಲ್ಲ. ಗಾಜಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ, ಒಂದೊಂದರಲ್ಲಿ ಯಾರದೋ ಒಂದು ಕಾರು. ಬಾಡಿಗೆ ಕೊಟ್ಟು ಇಟ್ಟುಕೊಳ್ಳುತ್ತಾರೆ. ಸುತ್ತ ಮಾರುವವರು, ರಿಪೇರಿಯವರು. ಒಬ್ಬ ಮಾರಾಟಗಾರನಿಗೆ ನಮ್ಮ ಗೆಳೆಯರ ಪ್ರಶ್ನೆಯನ್ನು ನನ್ನ ಅರೆಬರೆ ಜರ್ಮನ್ನಿನಲ್ಲಿ ಕೇಳಿದೆ. ಆತ ಕಾರು ತೋರಿಸಲಿಲ್ಲ, ಕಪಾಟಿನಿಂದ ದಪ್ಪ ಫೈಲೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಒಂದೇ ಕಾರಿನ ಇಪ್ಪತ್ತೆಂಟು ವರ್ಷದ ಬಿಲ್ಲುಗಳು. ಸರ್ವಿಸ್ ಪುಸ್ತಕ, ಟಯರ್ ಕೊಂಡ ಚೀಟಿ, ಬಣ್ಣದ ಕೋಡ್, ಎರಡನೆಯ ಬೀಗದ ಕೈ.

ಊರಿಗೆ ಬಂದಮೇಲೆ ಗೆಳೆಯರ ಮನೆಗೆ ಹೋಗಿ, ಅವರ ಹೆಂಡತಿಯ ಎದುರಿಗೇ, ತಿಳಿದದ್ದು ಹೇಳಿದೆ. ಕಾರು ಆಸ್ತಿಯಲ್ಲ, ಸೈಟಿಗೆ ಟಯರ್ ಬದಲಿಸಬೇಕಾಗಿಲ್ಲ. ಆಮದು ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಸುಂಕ, ಮೊದಲ ಮಾಲೀಕ ಅದನ್ನು ಕಟ್ಟಿ ಕಳೆದುಕೊಂಡಿರುತ್ತಾನೆ. ಹೀಗಾಗಿ ಎರಡನೆಯವರಾಗಿ ಕೊಳ್ಳುವುದು ಸರಿ, ಆದರೆ ಬಿಡಿಭಾಗಕ್ಕೆ ಸುಂಕ ಕಟ್ಟುತ್ತಲೇ ಇರಬೇಕು. ಆರ್‌ಸಿಯ ನಂಬರೂ ಎಂಜಿನ್, ಚಾಸಿಯ ನಂಬರೂ ತಾಳೆಯಾಗಬೇಕು. ಹೊರಗಿನ ಸೈಲೆನ್ಸರ್, ಮೈಮೇಲೆ ಅಂಟಿಸಿದ ಬಣ್ಣದ ಹಾಳೆ ಇದ್ದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಮುಂಬೈಯಲ್ಲಿ ಓಡಿದ ಗಾಡಿಯಾದರೆ ನೆಲಹಾಸು ಎತ್ತಿ ನೆರೆನೀರಿನ ಗುರುತು ನೋಡಬೇಕು. ನಿಲ್ಲಿಸಿಟ್ಟರೆ ಉಳಿಯುತ್ತದೆ ಎಂಬುದೂ ಸುಳ್ಳು, ರಬ್ಬರ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ. ನಿವೃತ್ತಿಯಾದಮೇಲೆ ಧಾರವಾಡಕ್ಕೆ ಒಯ್ದರೆ ಕರ್ನಾಟಕದ ಆಜೀವ ತೆರಿಗೆ ಬೇರೆ.

ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪ್ಪನ ಯೆಜ್ಡಿನ ಗುಜರಿಗೆ ಹಾಕಿದ್ವಿ ನೋಡ್ರಿ" ಎಂದರು ಆಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಗ ತೂಕಕ್ಕೆ ಹೋದ ಬೈಕುಗಳನ್ನು ಈಗ ಹುಡುಕಿಕೊಂಡು ಬರುವವರಿದ್ದಾರೆ. ಕಾರ್ಖಾನೆ ಹೋದರೂ ಪ್ರೀತಿಯಿಂದ ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಉಳಿದರು, ಅದಕ್ಕೇ ಬೈಕೂ ಉಳಿಯಿತು. ಅದನ್ನು ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮುಂದಿನ ಭಾನುವಾರ ಅವರು ಅಂಗಡಿಗೆ ಹೋಗಿ ಬಾಕ್ಸ್‌ಟರ್‌ನ ಫೈಲು ಕೇಳಿದರು. ಮೊದಲ ಐದು ವರ್ಷದ ಸರ್ವಿಸ್ ಕಾಗದ ಇದ್ದವು, ಆಮೇಲಿನ ಏಳು ವರ್ಷದ ಒಂದೂ ಇರಲಿಲ್ಲ. ಬಿಟ್ಟು ಬಂದರು. ಸೈಟು ಇನ್ನೂ ಹಾಗೇ ಇದೆ, ಹುಡುಕಾಟವೂ ನಿಂತಿಲ್ಲ. ಈಗ ಹೆಂಡತಿಯೂ ಜೊತೆಗೆ ಹೋಗುತ್ತಾರೆ, ಫೈಲು ನೋಡುವವರು ಅವರೇ.

ಹೋಗುವವರಿಗೆ ಒಂದು ಸೂಚನೆ: ಎರಡೂ ಮ್ಯೂಸಿಯಂಗಳಿಗೆ ಸೋಮವಾರ ರಜೆ.