ಕಡೂರಾ, ತರೀಕೆರೆಯಾ, ಅಜ್ಜಂಪುರವಾ?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನಂಥವರ ನಡುವೆ ಟೀ ಬ್ರೇಕ್‌ನಲ್ಲಿ ಹೆಚ್ಚಾಗಿ ಬರೋ ಮಾತು ಎರಡೇ. ಒಂದು, ಆಫೀಸಿಗೆ ವಾರಕ್ಕೆ ಎಷ್ಟು ದಿನ ಬರಬೇಕು ಅನ್ನೋದು. ಇನ್ನೊಂದು, ಊರ ಕಡೆ ಹೋಗಿಬಿಟ್ಟರೆ ಹೇಗೆ ಅನ್ನೋದು. ಎರಡನೆಯದು ಸಾಮಾನ್ಯವಾಗಿ ಟೀ ಖಾಲಿಯಾಗೋ ಹೊತ್ತಿಗೆ ಮುಗಿದುಹೋಗುತ್ತೆ. ನಮ್ಮ ಮನೇಲಿ ಮಾತ್ರ ಅದು ಮುಗೀಲಿಲ್ಲ.

ಅದಕ್ಕೆ ಕಾರಣ ಮೂರು. ನನ್ನ ಕಂಪನಿಯವರು ತಿಂಗಳಿಗೆ ನಾಲ್ಕು ದಿನ ಮುಖ ತೋರಿಸಿದರೆ ಸಾಕು ಅಂದರು. ಮಗಳಿಗೆ ನಾಲ್ಕೂವರೆ ವರ್ಷ, ಜೂನ್‌ಗೆ ಹೊಸ ಶಾಲೆ ಹೇಗೂ ಹುಡುಕಬೇಕಿತ್ತು. ಮೂರನೆಯದು ಅಪ್ಪ. ಅಮ್ಮ ಹೋದ ಮೇಲೆ ಅಜ್ಜಂಪುರದಿಂದ ಆರು ಕಿಲೋಮೀಟರ್ ದೂರದ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಹೋದ ವರ್ಷ ಸಣ್ಣದಾಗಿ ಸ್ಟ್ರೋಕ್ ಆಯ್ತು. ಮಾತು ಪೂರ್ತಿ ವಾಪಸ್ ಬಂತು, ಬಲಗೈ ಮುಕ್ಕಾಲು ಭಾಗ ಬಂತು. ಬೆಂಗಳೂರಿಗೆ ಕರೆದುಕೊಂಡು ಬಂದೆವು. ನಮ್ಮ ಮೂರನೇ ಮಹಡಿಯ ಮನೇಲಿ ಹತ್ತೊಂಬತ್ತು ದಿನ ಇದ್ದರು. ಹತ್ತೊಂಬತ್ತು ಅಂತ ಲೆಕ್ಕ ಇಟ್ಟವರು ಅವರೇ.

ಅಪ್ಪ ನಮ್ಮ ಹತ್ತಿರ ಬರೋದಿಲ್ಲ ಅಂದಮೇಲೆ ನಾವು ಅವರ ಹತ್ತಿರ ಹೋಗಬೇಕು. ಆದರೆ ಹಳ್ಳಿಗೇ ಹೋಗಿ ಕೂತರೆ ಹೈಸ್ಕೂಲಲ್ಲಿ ಗಣಿತ ಹೇಳಿಕೊಡೋ ನನ್ನ ಹೆಂಡತಿಗೆ ಕೆಲಸ ಇಲ್ಲ, ಮಗಳಿಗೆ ಹತ್ತಿರದಲ್ಲಿ ಶಾಲೆ ಇಲ್ಲ. ಹಾಗಾಗಿ ಪಟ್ಟಣ ಬೇಕು. ಬೆಂಗಳೂರಿನವರು ಮನೆ ಹುಡುಕುವಾಗ ಯಲಹಂಕವಾ ಕೆಂಗೇರಿಯಾ ಅಂತ ತಲೆ ಕೆಡಿಸಿಕೊಳ್ತಾರಲ್ಲ, ಹಾಗೆ ನಮ್ಮ ಮುಂದೆ ಮೂರು ಹೆಸರು ನಿಂತವು: ಕಡೂರು, ತರೀಕೆರೆ, ಅಜ್ಜಂಪುರ.

ಈ ಮೂರನ್ನೂ ಒಂದೇ ದಿನ ಬೈಕಲ್ಲಿ ಸುತ್ತಿ ಬರಬಹುದು. ಮೂರೂ ಚಿಕ್ಕಮಗಳೂರು ಜಿಲ್ಲೆಯವೇ. ರೈಲ್ವೆ ನಕ್ಷೆ ನೋಡಿದರೆ ಬೇಗ ಅರ್ಥವಾಗುತ್ತೆ. ಬೆಂಗಳೂರಿಂದ ಅರಸೀಕೆರೆ ದಾಟಿ ಬಂದರೆ ಮೊದಲು ಕಡೂರು, ಆಮೇಲೆ ಬೀರೂರು. ಬೀರೂರಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗದ ಕಡೆ ಹೋಗುತ್ತೆ. ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರು ಮೇಲೆ ದಾವಣಗೆರೆ, ಹುಬ್ಬಳ್ಳಿ ಕಡೆ. ಹಳಿ ಕವಲೊಡೆಯೋ ಆಸುಪಾಸಲ್ಲೇ ನೆಲದ ಬಣ್ಣವೂ ಬದಲಾಗುತ್ತೆ. ಕಡೂರಲ್ಲಿ ತೆಂಗು, ರಾಗಿ. ತರೀಕೆರೆ ಕಡೆ ಅಡಿಕೆ ತೋಟ, ಹಿಂದೆ ಬೆಟ್ಟದ ಸಾಲು. ಅಜ್ಜಂಪುರದ ಸುತ್ತ ಕಪ್ಪು ಮಣ್ಣು, ಈರುಳ್ಳಿ.

ಊರು ನೋಡೋಕೆ ಏಪ್ರಿಲ್‌ನಲ್ಲಿ ಹೋಗಬೇಕು ಅನ್ನೋದು ನನ್ನ ಹೆಂಡತಿಯ ವಾದ. ಡಿಸೆಂಬರ್‌ನಲ್ಲಿ ಎಲ್ಲಾ ಊರೂ ಚೆನ್ನಾಗೇ ಕಾಣುತ್ತೆ ಅಂತಾಳೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ಒಂದು ಸಲ, ಜುಲೈ ಮಳೆಯಲ್ಲಿ ಇನ್ನೊಂದು ಸಲ ಮೂರೂ ಊರು ನೋಡಿದೆವು.

ಮೊದಲು ಕಡೂರು. ಒಂದು ಕಾಲದಲ್ಲಿ ಇಡೀ ಜಿಲ್ಲೆಗೇ ಇದರ ಹೆಸರಿತ್ತು. 1947ರವರೆಗೂ ಅದು ಕಡೂರು ಜಿಲ್ಲೆ, ಕಚೇರಿಗಳು ಮಾತ್ರ ಚಿಕ್ಕಮಗಳೂರಲ್ಲಿ. ಹೆಸರು ಹೋದರೂ ದಾರಿಗಳು ಉಳಿದಿವೆ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗೋ ಹೆದ್ದಾರಿ ಊರ ಪಕ್ಕದಲ್ಲೇ ಇದೆ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಹೋಗೋ ಹೆದ್ದಾರಿಯೂ ಇಲ್ಲೇ ಸಿಗುತ್ತೆ. 2013ರಲ್ಲಿ ಚಿಕ್ಕಮಗಳೂರಿಗೆ ರೈಲೂ ಬಂತು. ಶಿವಮೊಗ್ಗದ ರೈಲಾದರೂ ಹುಬ್ಬಳ್ಳಿಯ ರೈಲಾದರೂ ಈ ಹಳಿ ಮೇಲೇ ಹೋಗಬೇಕು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಓಡಾಡೋ ನನಗೆ ಇದಕ್ಕಿಂತ ಏನು ಬೇಕು?

ಏಪ್ರಿಲ್‌ನ ಕಡೂರು ಬಿಸಿಲಿಗೆ ಬಿಳಿಚಿಕೊಂಡಿತ್ತು. ಮಲೆನಾಡಿನ ಜಿಲ್ಲೆ ಅಂತ ಪ್ರವಾಸಿಗಳು ಅಂದುಕೊಂಡಿರೋ ಚಿಕ್ಕಮಗಳೂರಿನ ಬಯಲುಸೀಮೆ ಇದು. ನಾವು ನೋಡಿದ ಮನೆಯ ಯಜಮಾನರು ರೂಮುಗಳನ್ನು ತೋರಿಸೋ ಮೊದಲು ಹಿಂದುಗಡೆ ಕರೆದುಕೊಂಡು ಹೋಗಿ ಸಂಪು ತೋರಿಸಿದರು. ಇಷ್ಟು ದೊಡ್ಡದು ಯಾಕೆ ಅಂತ ಕೇಳಿದೆ. ‘ಒಂದು ಬೇಸಿಗೆ ಇದ್ದು ನೋಡಿ, ನೀವೇ ಹೇಳ್ತೀರಿ’ ಅಂದರು. ಬಾಡಿಗೆ ಒಂಬತ್ತು ಸಾವಿರ. ಬೆಂಗಳೂರಲ್ಲಿ ನಾವು ಕೊಡ್ತಿದ್ದದ್ದು ಮೂವತ್ತೊಂದು ಸಾವಿರ. ಎರಡು ಖಾಸಗಿ ಶಾಲೆಯಲ್ಲಿ ಗಣಿತ ಟೀಚರ್ ಬೇಕು ಅಂದರು. ಕಾಗದದ ಮೇಲೆ ಕಡೂರಿನಲ್ಲಿ ತಪ್ಪು ಹುಡುಕೋದು ಕಷ್ಟ.

ಎರಡನೆಯದು ತರೀಕೆರೆ. ಈ ಹೆಸರು ಕೇಳಿದರೆ ಕನ್ನಡದ ಎಲ್ಲಾ ಮಕ್ಕಳಿಗೂ ನಾಲಿಗೆ ತಿರುಚೋ ಆ ಮೂರು ಕರಿ ಕುರಿಮರಿಗಳೇ ನೆನಪಾಗೋದು. ಮಗಳು ಕೆರೆ ಏರಿ ಮೇಲೆ ಇಳಿದವಳೇ ಕುರಿಮರಿ ಎಲ್ಲಿ ಅಂತ ಕೇಳಿದಳು. ಅವತ್ತು ಅಲ್ಲಿ ಇದ್ದದ್ದು ಎರಡು ಎಮ್ಮೆ, ಒಂದಷ್ಟು ಬೆಳ್ಳಕ್ಕಿ. ಅವಳು ಆ ಊರನ್ನ ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನನಗೆ ಮಾತ್ರ ತರೀಕೆರೆ ಮೊದಲಿಂದಲೂ ಇಷ್ಟ. ತಾಲ್ಲೂಕಿನ ಒಂದು ಬದಿಯಲ್ಲಿ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ. ಇನ್ನೊಂದು ಬದಿಯಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಹತ್ತಿರದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಸ್ಥಾನ ಇದೆ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ ಕಟ್ಟಿಸಿದ್ದು. ಬೇಲೂರು ಹಳೇಬೀಡಿನ ಥರ ಬಸ್ಸುಗಟ್ಟಲೆ ಜನ ಇಲ್ಲ. ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನ ನಿಧಾನಕ್ಕೆ ಒಂದೊಂದಾಗಿ ನೋಡಿಕೊಂಡು ಹೋಗಬಹುದು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳ್ತಾ ಇದ್ದರೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: ‘ಕೆಮ್ಮಣ್ಣುಗುಂಡಿಗೆ ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ?’

ನೆಂಟರು ಬಂದಾಗ. ಅಂದರೆ ಎರಡು ಸಲ, ಬಹಳ ಆದರೆ ಮೂರು.

ಜುಲೈನಲ್ಲಿ ಹೋದಾಗ ಮಳೆ ಬಿಡದೆ ಸುರೀತಿತ್ತು. ಲಾಡ್ಜ್‌ನಲ್ಲಿ ಒಂದು ಮಧ್ಯಾಹ್ನಕ್ಕೆ ಮೂರು ಸಲ ಕರೆಂಟ್ ಹೋಯ್ತು. ಬೀದಿಯ ಫೈಬರ್ ಇಂಟರ್ನೆಟ್ ಬಗ್ಗೆ ವಿಚಾರಿಸಿದರೆ ‘ಲೈನ್ ಚೆನ್ನಾಗಿದೆ ಸಾರ್, ನೀವೊಂದು ಇನ್ವರ್ಟರ್ ಇಟ್ಕೊಳಿ’ ಅಂದರು. ಸರಿ, ಇನ್ವರ್ಟರ್ ದುಡ್ಡಲ್ಲಿ ಪರಿಹಾರವಾಗೋ ಸಮಸ್ಯೆ.

ಮೂರನೆಯದು ಅಪ್ಪನ ಅಜ್ಜಂಪುರ. ತುಂಬಾ ವರ್ಷ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಹೋಬಳಿ. 2017ರಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಓದೋ ಅಭ್ಯಾಸ ಇರೋರಿಗೆ ಇದು ‘ಆನಂದ’ ಅನ್ನೋ ಹೆಸರಲ್ಲಿ ಕಥೆ ಬರೆದ ಅಜ್ಜಂಪುರ ಸೀತಾರಾಮರ ಊರು. ದನ ಸಾಕೋರಿಗೆ ಅಮೃತ ಮಹಲ್ ಊರು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದನ್ನ ಅಮೃತ ಮಹಲ್ ಅಂತ ಕರೆದವನು ಟಿಪ್ಪು. ಆ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರ ಇಲ್ಲೇ ಇದೆ. ಉದ್ದ ಕೊಂಬಿನ ಆ ಹಸುಗಳ ಹಿಂಡು ಕಾವಲಿನ ಮೇಲೆ ಹೋಗೋದನ್ನ ಮಗಳು ಕಣ್ಣು ಬಿಟ್ಟುಕೊಂಡು ನೋಡಿದಳು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಕೊರೆದಿರೋದೂ ಅಜ್ಜಂಪುರದ ಹತ್ತಿರವೇ. ಭದ್ರೆಯ ನೀರು ಚಿತ್ರದುರ್ಗದ ಕಡೆ ಹೋಗೋದು ಅದರೊಳಗಿಂದ.

ಸ್ಟೇಷನ್‌ನಲ್ಲಿ ನಿಂತಿದ್ದಾಗ ಧಾರವಾಡದ ವಂದೇ ಭಾರತ್ ಧೂಳೆಬ್ಬಿಸಿಕೊಂಡು ಹೋಯ್ತು. 2023ರಿಂದ ಓಡ್ತಿದೆ, ಇಲ್ಲಿ ನಿಲ್ಲೋದಿಲ್ಲ. ಅಪ್ಪ ಮಾತ್ರ ‘ನಮ್ಮೂರ ಮೇಲೇ ಹೋಗುತ್ತೆ’ ಅಂತ ಹೆಮ್ಮೆಯಿಂದ ಹೇಳಿದರು. ಅವರಿಗೆ ಆ ಊರಲ್ಲಿ ಬೇಕಾದದ್ದೆಲ್ಲ ಇದೆ. ಗೊಬ್ಬರದ ಅಂಗಡಿ ಮುಂದೆ ಸಂಜೆ ಸೇರೋ ನಾಲ್ಕು ಜನ, ಸಾಲ ಬರೆಯೋ ಕಿರಾಣಿ ಅಂಗಡಿ, ಆಟೋದಲ್ಲಿ ಹತ್ತೇ ನಿಮಿಷಕ್ಕೆ ಸಿಗೋ ಜಮೀನು.

ಬೆಂಗಳೂರಿಗೆ ಬಂದ ಮೇಲೆ, ವೃತ್ತಿಧರ್ಮ ನೋಡಿ, ನಾನೊಂದು ಎಕ್ಸೆಲ್ ಶೀಟ್ ಮಾಡಿದೆ. ಬಾಡಿಗೆ, ನೀರು, ಶಾಲೆ, ರೈಲು, ಇಂಟರ್ನೆಟ್, ಆಸ್ಪತ್ರೆ, ಹವಾಮಾನ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಕಡೂರು ಆರಾಮಾಗಿ ಗೆದ್ದಿತು. ಹೆಂಡತಿ ನೋಡಿ ಇನ್ನೊಂದು ಕಾಲಂ ಸೇರಿಸಿದಳು. ಈ ಸೌಲಭ್ಯ ಯಾರಿಗೆ, ತಿಂಗಳಿಗೆ ಎಷ್ಟು ಸಲ?

ಆ ಕಾಲಂ ತುಂಬಿಸಿದ ಮೇಲೆ ಲೆಕ್ಕ ತಲೆಕೆಳಗಾಯ್ತು. ರೈಲು ಬೇಕಾದದ್ದು ನನಗೆ, ತಿಂಗಳಿಗೆ ಎರಡು ಸಲ. ತರೀಕೆರೆಯಲ್ಲೂ ಶಿವಮೊಗ್ಗ ರೈಲು ಸಿಗುತ್ತೆ, ಸಿಗದಿದ್ದರೆ ಬೀರೂರು ಹತ್ತಿರವೇ ಇದೆ. ಶಾಲೆ ಹೆಂಡತಿಗೂ ಮಗಳಿಗೂ ದಿನಾ ಬೇಕು. ಅಪ್ಪನಿಗೆ ಜಮೀನು ಮತ್ತು ಆ ನಾಲ್ಕು ಜನ, ದಿನಾ ಅಲ್ಲದಿದ್ದರೂ ವಾರಕ್ಕೆ ಎರಡು ಮೂರು ಸಲ. ಲ್ಯಾಪ್‌ಟಾಪ್ ಮುಂದೆ ಕೂತಿರೋ ನನಗೆ ಊರು ಕಾಣೋದು ಸಂಜೆ ಆರರ ಮೇಲೆ. ಹಗಲೆಲ್ಲ ಆ ಊರಲ್ಲಿ ಇರೋರು ಅವರು ಮೂರು ಜನ. ಹಾಗಾದರೆ ನನ್ನ ಓಡಾಟಕ್ಕೆ ಯಾಕೆ ಹೆಚ್ಚು ಅಂಕ?

ಉಳಿದದ್ದು ಆಸ್ಪತ್ರೆ. ಅದು ತಿಂಗಳಿಗೆ ಎಷ್ಟು ಸಲ ಅಂತ ಬರೆಯೋಕಾಗಲ್ಲ. ಹತ್ತು ವರ್ಷದಲ್ಲಿ ಒಂದೇ ಸಲ ಬೇಕಾಗಬಹುದು, ಆದರೆ ಆ ಒಂದು ಸಲ ಗಂಟೆಗಳ ಲೆಕ್ಕ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಸ್ಟ್ರೋಕ್ ಆದಾಗ ಅದನ್ನ ಕರಗಿಸೋ ಇಂಜೆಕ್ಷನ್ ಕೊಡೋದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ನಾಲ್ಕೂವರೆ ಗಂಟೆ ಅಂದರೆ ಧಾರಾಳ ಅನ್ಸುತ್ತೆ. ಆದರೆ ಗೊತ್ತಾಗೋಕೆ ಅರ್ಧ ಗಂಟೆ, ಕಾರು ಸಿಗೋಕೆ ಅರ್ಧ ಗಂಟೆ, ಮೊದಲ ಆಸ್ಪತ್ರೆಯಲ್ಲಿ ‘ಮುಂದೆ ಕರ್ಕೊಂಡು ಹೋಗಿ’ ಅಂತ ಬರೆಸಿಕೊಳ್ಳೋಕೆ ಮುಕ್ಕಾಲು ಗಂಟೆ ಅಂತ ಸೇರಿಸ್ತಾ ಹೋಗಿ. ಹೋದ ವರ್ಷ ಅಪ್ಪ ಹಳ್ಳಿಯಿಂದ ಶಿವಮೊಗ್ಗ ಮುಟ್ಟುವಾಗ ಮೂರು ಗಂಟೆ ಮುಕ್ಕಾಲು ಆಗಿತ್ತು. ಪಕ್ಕದ ಮನೆಯವರು ಆ ಹೊತ್ತಿಗೆ ಕಾರು ತೆಗೆದುಕೊಂಡು ಊರಲ್ಲಿ ಇದ್ದರು, ಅಷ್ಟೇ.

ತರೀಕೆರೆಯಿಂದ ಶಿವಮೊಗ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 45 ಕಿಲೋಮೀಟರ್. ಭದ್ರಾವತಿ ದಾರಿಯಲ್ಲೇ ಸಿಗುತ್ತೆ. ಅಪ್ಪನನ್ನ ನೋಡಿದ ಡಾಕ್ಟರು, ಅವರ ಹಳೇ ಸ್ಕ್ಯಾನು ಎಲ್ಲಾ ಶಿವಮೊಗ್ಗದಲ್ಲೇ ಇದೆ. ಕಡೂರಿಂದ ಹೊರಟರೆ ಮೊದಲು ತರೀಕೆರೆ ದಾಟಬೇಕು. ಅಜ್ಜಂಪುರದಿಂದ ಹೊರಟರೂ ಮೊದಲು ತರೀಕೆರೆಗೇ ಬರಬೇಕು. ಇನ್ನೊಂದು ಕಡೆ ಅಜ್ಜಂಪುರಕ್ಕೆ ತರೀಕೆರೆಯಿಂದ ಸುಮಾರು 20 ಕಿಲೋಮೀಟರ್, ಹಗಲೆಲ್ಲ ಬಸ್ಸಿದೆ. ಕೆಮ್ಮಣ್ಣುಗುಂಡಿಗಾಗಿ ನಾನು ಬಯಸಿದ್ದ ಊರೇ ಸಿಕ್ಕಿತು, ಆದರೆ ಕೆಮ್ಮಣ್ಣುಗುಂಡಿಗಾಗಿ ಅಲ್ಲ. ಅಪ್ಪನ ಜಮೀನಿಗೂ ಅಪ್ಪನ ಡಾಕ್ಟರಿಗೂ ನಡುವೆ ಇದೆ ಅನ್ನೋ ಒಂದೇ ಕಾರಣಕ್ಕೆ.

ಇದರಲ್ಲಿ ಯಾರಿಗೂ ಪೂರ್ತಿ ಲಾಭ ಇಲ್ಲ. ಕಡೂರಿನ ಶಾಲೆ ಕೊಡ್ತೀವಿ ಅಂದ ಸಂಬಳಕ್ಕಿಂತ ತರೀಕೆರೆಯ ಶಾಲೆ ಎರಡು ಸಾವಿರ ಕಡಿಮೆ ಕೊಡುತ್ತೆ. ದೊಡ್ಡ ನಷ್ಟ ಅಪ್ಪನದು. ಸಂಜೆ ಗೊಬ್ಬರದ ಅಂಗಡಿ ಮುಂದಿನ ಮಾತು ಫೋನಲ್ಲಿ ಆಗೋದಿಲ್ಲ. ಅರವತ್ತೊಂಬತ್ತನೇ ವಯಸ್ಸಲ್ಲಿ ಹೊಸ ಊರಲ್ಲಿ ಹೊಸದಾಗಿ ನಾಲ್ಕು ಜನ ಸಿಗೋದು ಸುಲಭವಲ್ಲ. ಅವರಿಗೆ ಇದನ್ನ ಹೇಳಿದಾಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡು ಷರತ್ತು ಹಾಕಿದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಅಜ್ಜಂಪುರಕ್ಕೆ ಹೋಗೋದು, ಸಂಜೆ ಬರೋದು, ಯಾರೂ ಜೊತೆಗೆ ಬರಬಾರದು. ಮತ್ತೆ ಮನೆ ನೆಲ ಅಂತಸ್ತಿನಲ್ಲೇ ಇರಬೇಕು.

ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದ್ದೀವಿ. ಬಸ್‌ಸ್ಟ್ಯಾಂಡಿಂದ ನಡೆದು ಎಂಟು ನಿಮಿಷ, ನೆಲ ಅಂತಸ್ತು, ಮುಂದೆ ಒಂದು ಸೀಬೆ ಮರ. ಮನೆ ನೋಡೋಕೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಒಳಗೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ, ಅಜ್ಜಂಪುರದ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನ ಕೇಳಿ, ಜೇಬಿನ ಚೀಟಿಯಲ್ಲಿ ಬಲಗೈಯಲ್ಲೇ ಬರೆದುಕೊಂಡು ಬಂದರು.